ಹಿಂಬಾಗಿಲಿನ ಪ್ರಶ್ನೆ

ಜನವರಿ 11

ಮಗಳೇ,

ನಿನ್ನ ಸಾಹೇಬರ ಸಭೆಯನ್ನು ನಿನ್ನೆ ಟಿವಿಯಲ್ಲಿ ನೋಡಿದೆ. ಮೊದಲಿಂದ ಕೊನೆಯ ತನಕ ನೋಡಿದೆ. ಅವರ ಪ್ರಚಾರ ಕಚೇರಿಯಲ್ಲಿ ಕೆಲಸ ಸಿಕ್ಕಿತು ಎಂದು ನೀನು ಬರೆದ ಮೇಲೆ ನನಗೆ ಇದೊಂದು ಚಟ ಹತ್ತಿದೆ. ಎಲ್ಲಾದರೂ ಮೂಲೆಯಲ್ಲಿ ನಿನ್ನ ಮುಖ ಕಂಡೀತು ಅಂತ ಕಾಯುತ್ತೇನೆ. ನಿನ್ನ ಮುಖ ಕಾಣಲಿಲ್ಲ, ಬೇರೆ ಕೆಲವು ಕಂಡವು.

ಗಿರಣಿಯ ಯಂತ್ರಗಳು ನನ್ನ ಕಿವಿ ತಿಂದವು, ಬದಲಿಗೆ ಒಂದು ವಿದ್ಯೆ ಕೊಟ್ಟವು. ಆ ಗದ್ದಲದಲ್ಲಿ ಇಪ್ಪತ್ತೆರಡು ವರ್ಷ ಒಬ್ಬರ ತುಟಿ ಒಬ್ಬರು ನೋಡಿಯೇ ಮಾತಾಡಿದವರು ನಾವು. ಟಿವಿಯವರು ಮುಖವನ್ನು ನೆಟ್ಟಗೆ ತೋರಿಸಿದರೆ ಸಾಕು, ಮಾತು ನನಗೆ ಸಿಗುತ್ತದೆ. ಕಿವಿ ಇದ್ದವರು ಕೇಳುತ್ತಾ ಕೂರುತ್ತಾರೆ. ನಾನು ನೋಡುತ್ತಾ ಕೂರುತ್ತೇನೆ.

ಒಬ್ಬ ಹೆಂಗಸು ಎದ್ದು "ನಾನು ತರಕಾರಿ ಮಾರೋಳು" ಎಂದು ಶುರು ಮಾಡಿದಳು. ಮೂಗಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ಮಚ್ಚೆ. ಹೋದ ವಾರ ಬೇರೊಂದು ಊರಿನ ಸಭೆಯಲ್ಲಿ ಇದೇ ಮಚ್ಚೆ "ನಾನು ಶಾಲೆ ಟೀಚರ್" ಅಂದಿತ್ತು. ಅವಳ ಪ್ರಶ್ನೆ ಇನ್ನೂ ಅರ್ಧದಲ್ಲಿರುವಾಗಲೇ ನಿನ್ನ ಸಾಹೇಬರು ಉತ್ತರಕ್ಕೆ ಬಾಯಿ ತೆರೆದಿದ್ದರು. ಅಡುಗೆ ಇನ್ನೂ ಒಲೆ ಮೇಲಿರುವಾಗಲೇ ತೇಗಿದ ಹಾಗೆ. ಆಮೇಲೆ ಮೈಕಿನವನು, ಎತ್ತಿದ ಹತ್ತಾರು ಕೈಗಳನ್ನು ದಾಟಿಕೊಂಡು, ಕೈಯನ್ನೇ ಎತ್ತದ ಒಬ್ಬನ ಮುಂದೆ ಹೋಗಿ ನಿಂತ.

ಇದು ನಿಮ್ಮ ಕಚೇರಿಯ ಕೆಲಸವಾ? ನಿನ್ನ ಕೈಯೂ ಇದೆಯಾ ಇದರಲ್ಲಿ? ನೆಟ್ಟಗೆ ಉತ್ತರ ಬರೆ. ಫೋನು ನನಗೆ ಕಲ್ಲಿನ ಸಮಾನ, ಅದರ ಗುಂಡಿಗಳಿಗೆ ನನ್ನ ಬೆರಳು ದಪ್ಪ. ಕಾಗದವೇ ವಾಸಿ.

ನಾನು ಚೆನ್ನಾಗಿದ್ದೇನೆ. ಶಾಲೆಯ ಗೇಟು ಕಾಯುತ್ತೇನೆ, ಗಡಿಯಾರ ನೋಡಿ ಗಂಟೆ ಹೊಡೆಯುತ್ತೇನೆ. ಕಿವುಡನ ಕೈಗೆ ಗಂಟೆ ಕೊಟ್ಟ ಶಾಲೆ ಲೋಕದಲ್ಲಿ ಇದೊಂದೇ ಇರಬೇಕು.

ನಿನ್ನ ಅಪ್ಪ

ಜನವರಿ 19

ಅಪ್ಪ,

ನಿನ್ನ ಕಣ್ಣಿಗೆ ಏನು ಹೇಳಲಿ! ಮಚ್ಚೆಯ ವಿಷಯ ನಮ್ಮ ಸಂಯೋಜಕರಿಗೆ ಹೇಳಿದೆ. ಅವರ ಮುಖ ಬಿಳುಚಿತು. ಆ ಹೆಂಗಸನ್ನು ಇನ್ನು ಕರೆಯುವುದಿಲ್ಲ.

ಹೌದು, ನನ್ನ ಕೈ ಇದೆ. ಆದರೆ ನೀನು ಅಂದುಕೊಂಡ ಹಾಗೆ ಸುಳ್ಳಲ್ಲ ಅದು. ನಮ್ಮ ಕೋಣೆಗೆ ದಿನಕ್ಕೆ ನೂರಾರು ಕಾಗದ ಬರುತ್ತವೆ. ನೀರು ಬರುತ್ತಿಲ್ಲ, ರಸ್ತೆ ಇಲ್ಲ, ಮಗನಿಗೆ ಕೆಲಸ ಇಲ್ಲ. ಬರೆದವರಲ್ಲಿ ಅರ್ಧ ಜನಕ್ಕೆ ನಾಲ್ಕು ಜನರ ಮುಂದೆ ನಿಂತರೆ ನಾಲಿಗೆ ಹೊರಳುವುದಿಲ್ಲ. ಇನ್ನರ್ಧ ಜನ ಮೈಕ್ ಸಿಕ್ಕರೆ ಮುತ್ತಾತನ ಕಾಲದಿಂದ ಶುರು ಮಾಡುತ್ತಾರೆ. ನಾವು ಅದನ್ನೆಲ್ಲ ಓದಿ, ನಾಲ್ಕು ಸಾಲಿಗೆ ಇಳಿಸಿ, ಹಳದಿ ಕಾರ್ಡಿನ ಮೇಲೆ ಬರೆದು, ಚೆನ್ನಾಗಿ ಹೇಳಬಲ್ಲವರ ಕೈಗೆ ಕೊಡುತ್ತೇವೆ. ಪ್ರಶ್ನೆ ಜನರದ್ದೇ. ಬಾಯಿ ಮಾತ್ರ ಬೇರೆಯವರದ್ದು. ಕೋರ್ಟಿನಲ್ಲಿ ವಕೀಲರು ಮಾಡುವುದೂ ಅದೇ ತಾನೆ?

ಕಾರ್ಡು ಬರೆಯುವುದರಲ್ಲಿ ಇಡೀ ಕಚೇರಿಗೆ ನಾನೇ ಮೊದಲು. "ಅಳುವನ್ನ ಎಲ್ಲಿ ನಿಲ್ಲಿಸ್ಬೇಕು ಅಂತ ನಿನಗೆ ಗೊತ್ತಮ್ಮಾ" ಎಂದು ಸಂಯೋಜಕರು ಎಲ್ಲರ ಮುಂದೆ ಹೇಳಿದರು. ಇದುವರೆಗೆ ನನ್ನನ್ನು ಯಾರೂ ಯಾವುದಕ್ಕೂ ಹಾಗೆ ಹೊಗಳಿರಲಿಲ್ಲ. ನೀನೂ ಹೊಗಳಿಲ್ಲ.

ಈಗ ಒಂದು ಕೇಳಿಕೆ. ಮಾರ್ಚ್ ಹದಿನೇಳಕ್ಕೆ ಸಾಹೇಬರು ನಮ್ಮೂರಿಗೇ ಬರುತ್ತಾರೆ, ಪುರಭವನದಲ್ಲಿ ಸಭೆ. ಗಿರಣಿಯ ಬೆಂಕಿಯ ವಿಷಯ ಯಾರಾದರೂ ಎತ್ತೇ ಎತ್ತುತ್ತಾರೆ ಎಂದು ಇಲ್ಲಿ ಎಲ್ಲರಿಗೂ ದಿಗಿಲು. ಆಗ ಅವರೇ ಕಾರ್ಮಿಕ ಮಂತ್ರಿಯಾಗಿದ್ದರಂತೆ. ನನಗೆ ಆಗ ಹನ್ನೊಂದು ವರ್ಷ, ಹೊಗೆಯ ವಾಸನೆ ಬಿಟ್ಟರೆ ಬೇರೇನೂ ನೆನಪಿಲ್ಲ. ನೀನೂ ಸರಿಯಾಗಿ ಹೇಳಲಿಲ್ಲ. ಆ ದಿನ ಏನಾಯಿತು ಅಂತ ಬರೆದು ಕಳಿಸುತ್ತೀಯಾ? ಕೆಲಸಕ್ಕೆ ಅಂತಲ್ಲ. ನನಗೆ ಅಂತ.

ನಿನ್ನ ಮಗಳು

ಜನವರಿ 27

ಮಗಳೇ,

ನಿನಗೆ ಅಂತ ಕೇಳಿದೆ, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹತ್ತಿಯ ಮೂಟೆ ಬಿಚ್ಚಿ ಬಿಡಿಸುವ ಕೋಣೆಯಲ್ಲಿ ಶುರುವಾಯಿತು. ಹತ್ತಿ ಹೊತ್ತಿದರೆ ಮೊದಲು ಸದ್ದೇ ಇರುವುದಿಲ್ಲ. ಗಾಳಿಯಲ್ಲಿ ಹಾರಾಡುವ ನಯವಾದ ಎಳೆ ಇರುತ್ತಲ್ಲ, ಅದು ಒಂದಕ್ಕೊಂದು ಹೇಳಿಕೊಂಡು ಹೋದ ಹಾಗೆ ಹೊತ್ತಿಕೊಳ್ಳುತ್ತದೆ. ಚಾವಣಿ ಮೊದಲು ಕೆಂಪಗಾಯಿತು, ಆಮೇಲೆ ನೆಲ. ನಾನು ಫಿಟ್ಟರ್, ಮುಂದಿನ ಸಾಲಿನಲ್ಲಿ ಒಂದು ಬೆಲ್ಟು ಬಿಗಿಯುತ್ತಿದ್ದೆ. ಮುಂಬಾಗಿಲಿಗೆ ಹತ್ತು ಹೆಜ್ಜೆ. ಓಡಿದೆ.

ಬಾಬಿನ್ ಒಳಗಿದ್ದ. ನೀನು ಅವನನ್ನು ಮರೆತಿರಲಾರೆ. ನೂಲು ಸುತ್ತಿಕೊಂಡು ಗಿರಗಿರ ತಿರುಗುವ ಬಾಬಿನ್ ಕಡ್ಡಿಯ ಹಾಗೆ ಸಣ್ಣ, ನಿಂತಲ್ಲಿ ನಿಲ್ಲದವನು, ಅದಕ್ಕೇ ಆ ಹೆಸರು. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಗಿರಣಿಯ ಸುತ್ತ ಓಡುತ್ತಿದ್ದ. ಅವನ ಜೊತೆ ಇನ್ನೂ ಆರು ಜನ. ಹಿಂಬಾಗಿಲ ಕಡೆ ಓಡಿದ್ದಾರೆ. ಸಂಜೆ ಬೆಂಕಿ ಆರಿದ ಮೇಲೆ ಏಳೂ ಜನ ಆ ಬಾಗಿಲ ಹತ್ತಿರವೇ ಒಬ್ಬರ ಮೇಲೊಬ್ಬರು ಸಿಕ್ಕರು. ಬಾಬಿನ್‌ನನ್ನು ಎತ್ತಿದವನು ನಾನೇ, ಕೈಯಲ್ಲಿ ಚಪ್ಪಲಿ ಇತ್ತು. ಅವನು ಓಡುವಾಗ ಯಾವಾಗಲೂ ಚಪ್ಪಲಿ ಕೈಗೆ ತೆಗೆದುಕೊಳ್ಳುತ್ತಿದ್ದ, ಸವೆಯುತ್ತೆ ಅಂತ.

ಬಾಗಿಲಿನ ವಿಷಯ ಈಗ ಬೇಡ.

ಒಂಬತ್ತೇ ದಿನದಲ್ಲಿ ತನಿಖೆ ಮುಗಿಯಿತು. ವರದಿ ಮಂತ್ರಿಯ ಮೇಜಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ ಹೋಯಿತೋ ಯಾರೂ ಕಾಣರು. ನಿನ್ನ ಸಾಹೇಬರನ್ನು ಕೇಳುವುದಿದ್ದರೆ ಅದನ್ನು ಕೇಳು. ವರದಿ ಎಲ್ಲಿ? ಅದು ನಿನ್ನ ಹಳದಿ ಕಾರ್ಡಿನ ಮೇಲೆ ಹಿಡಿಸುತ್ತದೆ, ಎರಡೇ ಪದ.

ಬಾಬಿನ್‌ನ ಹೆಂಡತಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ನಾನು ವಾರಕ್ಕೊಮ್ಮೆ ಹೋಗಿ ಬರುತ್ತೇನೆ. ಅಣ್ಣ ಅಣ್ಣ ಅಂತ ಚಹಾ ಕೊಡುತ್ತಾಳೆ. ನಿನ್ನನ್ನು ಕೇಳುತ್ತಿರುತ್ತಾಳೆ.

ಇದನ್ನು ಓದಿ ಹರಿದುಹಾಕು.

ಅಪ್ಪ

ಫೆಬ್ರವರಿ 16

ನಿನಗೆ,

ಮಗಳೇ ಎಂದು ಬರೆಯಲು ಕೈ ಏಳುತ್ತಿಲ್ಲ.

ನಿನ್ನೆ ಸಂಜೆ ಹೊಲಿಗೆ ಅಂಗಡಿಯಲ್ಲಿದ್ದೆ. ಟಿವಿ ಹಾಕಿತ್ತು. ನಿನ್ನ ಸಾಹೇಬರ ಸಭೆ, ಯಾವುದೋ ದೂರದ ಊರು. ಒಬ್ಬ ಗಂಡಸು ಎದ್ದು ನಿಂತ, ಐವತ್ತರ ಆಸುಪಾಸು, ಕೆನ್ನೆಯ ಮೇಲೆ ನೀಟಾಗಿ ಬಿಟ್ಟ ಎರಡು ದಿನದ ಗಡ್ಡ. "ನಾನು ಗಿರಣಿ ಕಾರ್ಮಿಕ" ಅಂದ. ಆಮೇಲೆ ಹೇಳಿದ, "ಹತ್ತಿ ಹೊತ್ತಿದ್ರೆ ಮೊದ್ಲು ಸದ್ದೇ ಇರಲ್ಲ ಸಾರ್. ಎಳೆ ಎಳೆ ಒಂದಕ್ಕೊಂದು ಹೇಳ್ಕೊಂಡು ಹೋದಂಗೆ ಹೊತ್ಕೊಳ್ಳುತ್ತೆ."

ನನ್ನ ಮಾತನ್ನು ಬೇರೊಬ್ಬನ ತುಟಿಯ ಮೇಲೆ ಓದಿದೆ. ಮೊದಲು ನನ್ನ ಕಣ್ಣೇ ಕೆಟ್ಟಿತು ಅಂದುಕೊಂಡೆ. ಅವನು ನಿಲ್ಲಿಸಲಿಲ್ಲ. "ನನ್ನ ಜೀವದ ಗೆಳೆಯ ಸಾರ್, ಸತ್ತಾಗ ಕೈಯಲ್ಲಿ ಚಪ್ಪಲಿ ಇತ್ತು." ಅಲ್ಲಿ ಗಂಟಲು ಕಟ್ಟಿದವನ ಹಾಗೆ ನಿಂತ. ಸರಿಯಾದ ಜಾಗದಲ್ಲೇ ನಿಂತ. ಅಳು ಎಲ್ಲಿ ನಿಲ್ಲಬೇಕು ಅಂತ ಗೊತ್ತಿರುವವರು ಬರೆದುಕೊಟ್ಟದ್ದು ತಾನೆ. ಕೊನೆಗೆ ಕೇಳಿದ್ದೇನು? ವರದಿ ಎಲ್ಲಿ ಅಂತಲೇ? ಅಲ್ಲ. "ಆ ಜಾಗದಲ್ಲಿ ಒಂದು ಸ್ಮಾರಕ ಕಟ್ಟಿಸ್ಕೊಡ್ತೀರಾ ಸಾರ್?" ನಿನ್ನ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಕಟ್ಟಿಸ್ತೀನಿ ಅಂದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಬಾಬಿನ್‌ನ ಹೆಂಡತಿ ಮಿಷಿನ್ ಪೆಡಲು ತುಳಿಯುತ್ತಿದ್ದವಳು ನಿಲ್ಲಿಸಿದಳು. ಬಟ್ಟೆ ಸೂಜಿಯ ಕೆಳಗೇ ಉಳಿಯಿತು. ನನ್ನ ಕಡೆ ತಿರುಗಿ, ನನಗೆ ಕಾಣುವಂತೆ ಬಿಡಿಸಿ ಬಿಡಿಸಿ ಕೇಳಿದಳು. "ಅಣ್ಣಾ, ಚಪ್ಪಲಿ ವಿಷ್ಯ ನಿಮಗೂ ನನಗೂ ಬಿಟ್ರೆ ಯಾರಿಗೆ ಗೊತ್ತಿತ್ತು? ಆ ಮನುಷ್ಯ ಯಾರು?"

ನಾನೇನು ಹೇಳಲಿ? ನನ್ನ ಮಗಳು ಮಾರಿದಳು ಅನ್ನಲೇ? ಗೊತ್ತಿಲ್ಲಮ್ಮ ಅಂದೆ. ಬೆಂಕಿಯಲ್ಲಿ ಸತ್ತವನನ್ನು ಎತ್ತಿ ತಂದು ಇನ್ನೊಮ್ಮೆ ವೇದಿಕೆಯ ಮೇಲೆ ಸಾಯಿಸಿದೆಯಲ್ಲೇ. ನಿನ್ನನ್ನು ಹೆಗಲ ಮೇಲೆ ಹೊತ್ತವನು ಅವನು. "ಕೆಲಸಕ್ಕೆ ಅಂತಲ್ಲ, ನನಗೆ ಅಂತ" ಎಂದು ಬರೆದೆ. ಆ ಸಾಲನ್ನೂ ಕಾರ್ಡಿನ ಮೇಲೆ ಮೊದಲು ತಿದ್ದಿ ತೀಡಿಯೇ ನನಗೆ ಕಳಿಸಿದೆಯೋ ಏನೋ.

ಅಪ್ಪ

ಫೆಬ್ರವರಿ 23

ಅಪ್ಪ,

ಬೈದದ್ದೆಲ್ಲ ಬೈದಾಯಿತಾ? ಈಗ ನನ್ನದನ್ನೂ ಓದು.

ತಪ್ಪು ಮಾಡಿದೆ. ನಿನ್ನ ಪತ್ರ ಮೇಜಿನ ಮೇಲಿತ್ತು, ಸಂಯೋಜಕರು ನೋಡಿದರು ಎಂದು ಸುಳ್ಳು ಹೇಳಬಹುದಿತ್ತು. ಹೇಳುವುದಿಲ್ಲ. ನಾನೇ ಎದುರಿಗಿಟ್ಟುಕೊಂಡು ಕಾರ್ಡಿಗೆ ಇಳಿಸಿದೆ. ಬರೆಯುವಾಗ ಕಣ್ಣಲ್ಲಿ ನೀರು ಬಂತು, ಆ ನೀರು ಬಂದದ್ದಕ್ಕೇ ಇದು ಒಳ್ಳೆಯ ಕೆಲಸ ಅಂದುಕೊಂಡೆ. ಕೊನೆಯ ಸಾಲಿಗೆ "ವರದಿ ಎಲ್ಲಿ" ಎಂದೇ ಬರೆದಿದ್ದೆ. ಸಂಯೋಜಕರು ಅದನ್ನು ಹೊಡೆದುಹಾಕಿ ಸ್ಮಾರಕ ಅಂತ ಬರೆದರು. ನಾನು ಸುಮ್ಮನಿದ್ದೆ. ಅದು ನನ್ನ ತಪ್ಪು. ಒಪ್ಪಿದೆ.

ಆದರೆ ಅಪ್ಪ, ನೀನು ಯಾವ ಬಾಯಿಯಲ್ಲಿ ನನ್ನನ್ನು ಬೈಯುತ್ತೀ?

ನಮ್ಮೂರಿನ ಸಭೆಗೆ ಮೊದಲು ಎಲ್ಲ ಪ್ರಶ್ನೆಗಳಿಗೂ ಉತ್ತರ ತಯಾರಿರಬೇಕು ಎಂದು ಹೋದ ವಾರ ಒಂದು ಕಡತವನ್ನು ನನ್ನ ಕೈಗೆ ಕೊಟ್ಟರು. ನೀನು ಎಲ್ಲಿ ಎಲ್ಲಿ ಅನ್ನುತ್ತಿದ್ದ ಆ ವರದಿ, ಅಪ್ಪ. ಅದು ಕಳೆದುಹೋಗಿಲ್ಲ. ಸಾಹೇಬರ ಕಪಾಟಿನಲ್ಲಿ ಧೂಳು ಸಹ ಹಿಡಿಯದೆ ಕೂತಿದೆ. ಒಂದೇ ಪಟ್ಟಿಗೆ ಕೂತು ಓದಿದೆ. ಅದರಲ್ಲಿ ನಾಲ್ಕನೇ ಸಾಕ್ಷಿ, ಹುದ್ದೆ ಫಿಟ್ಟರ್. ಹೇಳಿಕೆ ಹೀಗಿದೆ: "ಬೆಂಕಿ ಬಿದ್ದ ಸಮಯದಲ್ಲಿ ಹಿಂಬಾಗಿಲು ತೆರೆದೇ ಇತ್ತು. ನಾನು ಕಣ್ಣಾರೆ ನೋಡಿದ್ದೇನೆ. ಮೃತರು ಗಾಬರಿಯಿಂದ ದಾರಿ ತಪ್ಪಿದ್ದಾರೆ." ಕೆಳಗೆ ಸಹಿ. ಮೊದಲ ಅಕ್ಷರದ ಬಾಲ ಉದ್ದ ಎಳೆದು ಕೊನೆಯಲ್ಲಿ ಚುಕ್ಕಿ ಇಡುವ ಸಹಿ. ನನ್ನ ಶಾಲೆಯ ಅಂಕಪಟ್ಟಿಗಳ ಮೇಲೆಲ್ಲ ಅದೇ ಸಹಿ ಇದೆ.

ಏಳು ಜನ ಆ ಬಾಗಿಲ ಹತ್ತಿರ ಒಬ್ಬರ ಮೇಲೊಬ್ಬರು ಬಿದ್ದಿದ್ದರು ಎಂದು ನೀನೇ ಬರೆದಿದ್ದೀಯ. ತೆರೆದ ಬಾಗಿಲಿನ ಹತ್ತಿರ ಯಾರಾದರೂ ಹಾಗೆ ಬೀಳುತ್ತಾರಾ?

"ಬಾಗಿಲಿನ ವಿಷಯ ಈಗ ಬೇಡ" ಎಂದೆಯಲ್ಲ. ಯಾವಾಗ ಬೇಕು?

ನಿನ್ನ ಮಗಳು

ಮಾರ್ಚ್ 5

ಅಪ್ಪ,

ಹತ್ತು ದಿನವಾಯಿತು, ನಿನ್ನ ಕಾಗದ ಇಲ್ಲ. ಶಾಲೆಗೆ ಫೋನ್ ಮಾಡಿ ಗುಮಾಸ್ತರನ್ನು ಕೇಳಿದೆ. "ದಿನಾ ಬರ್ತಾರಮ್ಮ, ಗಂಟೆ ಹೊಡೀತಾರೆ. ಆದರೆ ನಿನ್ನೆ ಒಂದು ಪೀರಿಯಡ್ಡಿಗೆ ಹೊಡೆಯೋದೇ ಮರೆತ್ರು, ಮಕ್ಕಳಿಗೆ ಖುಷಿಯೋ ಖುಷಿ" ಅಂದರು.

ನಾನು ಬರೆದದ್ದು ಸುಳ್ಳಾದರೆ ಸುಳ್ಳು ಅಂತ ಬರೆ. ಅಷ್ಟು ಸಾಕು.

ಮಗಳು

ಮಾರ್ಚ್ 9

ಮಗಳೇ,

ಸುಳ್ಳಲ್ಲ.

ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿ ಬೀಗ ಜಡಿದಿತ್ತು. ಆ ದಿನ ಮಾತ್ರ ಅಲ್ಲ, ದಿನಾಲೂ. ಕೆಲಸದವರು ನಡುವೆ ಹೊರಗೆ ಹೋಗಿ ಬೀಡಿ ಸೇದುತ್ತಾರೆ ಅಂತ ಮ್ಯಾನೇಜರ್ ಮಾಡಿಸಿದ ವ್ಯವಸ್ಥೆ. ಆ ಬೀಗದ ಅಗುಳಿ ಸಡಿಲವಾದಾಗ ಸ್ಕ್ರೂ ಬಿಗಿದು ಸರಿ ಮಾಡಿದವನು ನಾನೇ. ಫಿಟ್ಟರ್ ಅಲ್ಲವಾ.

ಬೆಂಕಿಯಾಗಿ ನಾಲ್ಕನೇ ದಿನ ಮ್ಯಾನೇಜರ್ ನನ್ನನ್ನು ಮತ್ತು ಇನ್ನು ಮೂವರನ್ನು ಕರೆಸಿದ. ನಮ್ಮ ಸಂಘದ ಕಾರ್ಯದರ್ಶಿಯೂ ಪಕ್ಕದಲ್ಲೇ ಕೂತಿದ್ದ. ಮೇಜಿನ ಮೇಲೆ ಟೈಪು ಮಾಡಿದ ನಾಲ್ಕು ಹಾಳೆ. ಮ್ಯಾನೇಜರ್ ಹೇಳಿದ, "ಬಾಗ್ಲು ತೆಗೆದಿತ್ತು ಅಂದ್ರೆ ಅದು ಅಪಘಾತ. ಮೂರು ತಿಂಗಳಲ್ಲಿ ಗಿರಣಿ ಮತ್ತೆ ಶುರು. ಹಾಕಿತ್ತು ಅಂದ್ರೆ ಶಾಶ್ವತವಾಗಿ ಬೀಗ. ನಾಲ್ಕುನೂರು ಮನೆ ಒಲೆ ಉರೀಬೇಕೋ ಆರಬೇಕೋ, ನೀವೇ ಹೇಳಿ." ಆಮೇಲೆ ನನ್ನ ಕಡೆ ತಿರುಗಿ, ತುಟಿ ನೋಡಲು ಸುಲಭವಾಗಲಿ ಅಂತ ನಿಧಾನವಾಗಿ ಹೇಳಿದ. "ತಾಯಿ ಇಲ್ಲದ ಮಗು ನಿಂದು. ಧಣಿಗಳ ಶಾಲೆಯ ಹಾಸ್ಟೆಲಲ್ಲಿ ಒಂದು ಜಾಗ ಇದೆ."

ಸತ್ತವರು ಹೇಗೂ ಸತ್ತರು, ಇದ್ದವರಾದರೂ ಬದುಕಲಿ ಅಂದುಕೊಂಡೆ. ನಾಲ್ಕುನೂರು ಒಲೆಯ ಲೆಕ್ಕ ಹೇಳಿಕೊಂಡೆ. ಆದರೆ ಕಣ್ಣೆದುರು ಇದ್ದದ್ದು ನಿನ್ನ ಜಾಗವೊಂದೇ.

ಮೂರು ದಿನ ಹಾಳೆಯನ್ನು ಬಾಯಿಪಾಠ ಮಾಡಿದೆವು. ತನಿಖಾಧಿಕಾರಿಯ ಮುಂದೆ ನಿಂತಾಗ ನನಗೆ ಎಷ್ಟು ಭಯವೆಂದರೆ, ಅವನು ಪ್ರಶ್ನೆ ಕೇಳಿ ಮುಗಿಸುವ ಮುಂಚೆಯೇ ಉತ್ತರ ಒದರಿಬಿಟ್ಟೆ. ಅವನು ನಕ್ಕ. ಅವನಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ಗಿರಣಿ ಶುರುವಾಯಿತು, ಎಂಟು ತಿಂಗಳು ನಡೆಯಿತು, ಆಮೇಲೆ ಧಣಿಗಳು ಯಂತ್ರ ಬಿಚ್ಚಿ ಮಾರಿಕೊಂಡರು. ಒಲೆಗಳು ಆರಿದವು. ಸುಳ್ಳು ಮಾತ್ರ ಆರಲಿಲ್ಲ.

ಜನವರಿಯಲ್ಲಿ ನಿನ್ನ ಸಾಹೇಬರು ಅರ್ಧ ಪ್ರಶ್ನೆಗೇ ಬಾಯಿ ತೆರೆದದ್ದನ್ನು ನೋಡಿದಾಗ ನನಗೆ ಯಾಕೆ ಅಷ್ಟು ಬೇಗ ತಿಳಿಯಿತು ಗೊತ್ತಾ? ಕಳ್ಳನ ಹೆಜ್ಜೆ ಕಳ್ಳನಿಗೇ ಗೊತ್ತು. ನಿನ್ನ ಮೇಲೆ ಎಗರಾಡಿದೆ. ಆ ಸಿಟ್ಟಿನಲ್ಲಿ ಮುಕ್ಕಾಲು ಪಾಲು ನನ್ನದೇ ವಿಳಾಸದ್ದು.

ಹದಿನೇಳನೇ ತಾರೀಕು ನಾನು ಪುರಭವನಕ್ಕೆ ಬರುತ್ತೇನೆ. ಒಳಗೆ ಬಿಡದಿದ್ದರೆ ಬಾಗಿಲಲ್ಲಿ ನಿಂತು ಹೇಳುತ್ತೇನೆ.

ಅಪ್ಪ

ಮಾರ್ಚ್ 13

ಅಪ್ಪ,

ಬಾಗಿಲಲ್ಲಿ ನಿಂತು ಕೂಗುವವರನ್ನು ಎತ್ತಿಕೊಂಡು ಹೋಗಲೆಂದೇ ಎಂಟು ಜನರನ್ನು ಇಟ್ಟಿದ್ದಾರೆ. ಹಾಗೆ ಬರಬೇಡ.

ಇದರ ಜೊತೆ ಒಂದು ಪಾಸು ಇದೆ. ಮೂರನೇ ಸಾಲು, ನಡುವಿನ ದಾರಿಯ ಪಕ್ಕದ ಕುರ್ಚಿ. ಪ್ರಶ್ನೆ ಕೇಳುವವರ ಪಟ್ಟಿಯಲ್ಲಿ "ನಿವೃತ್ತ ಫಿಟ್ಟರ್, ಸ್ಮಾರಕಕ್ಕೆ ಧನ್ಯವಾದ" ಎಂದು ಸೇರಿಸಿದ್ದೇನೆ. ನನ್ನ ಅಪ್ಪ ಎಂದು ಯಾರಿಗೂ ಗೊತ್ತಿಲ್ಲ. ಸಭೆಗೆ ಮುಂಚೆ ಒಬ್ಬರು ಬಂದು ಹಳದಿ ಕಾರ್ಡು ಕೊಡುತ್ತಾರೆ. ತೆಗೆದುಕೊಂಡು ಜೇಬಿಗೆ ಹಾಕು. ನೀನು ಐದನೆಯವನು. ನಾಲ್ಕನೆಯವಳು ಕೂತ ತಕ್ಷಣ ಮೈಕು ನಿನ್ನ ಹತ್ತಿರ ಬರುತ್ತದೆ.

ಏನು ಹೇಳುತ್ತೀ ಎಂದು ನನಗೆ ಮುಂಚೆ ಹೇಳಬೇಡ. ಹೇಳಿದರೆ ತಿದ್ದುತ್ತೇನೆ.

ನಾನು ಕಲಿತ ಒಂದೊಂದು ಅಕ್ಷರವೂ ಆ ಟೈಪು ಹಾಳೆಯಿಂದ ಬಂದದ್ದು ಎಂದು ತಿಳಿದ ಮೇಲೆ ಹೇಗಿರಬಹುದು ಯೋಚಿಸು. ಹಾಸ್ಟೆಲಿಗೆ ಬಿಡುವ ದಿನ ನೀನು ಅಳುತ್ತಿದ್ದೆ. ನನ್ನನ್ನು ಬಿಟ್ಟು ಹೋಗುವುದಕ್ಕೆ ಅಂದುಕೊಂಡಿದ್ದೆ. ನಿನ್ನ ಮೇಲೆ ಬಹಳ ಸಿಟ್ಟಿದೆ, ಅಪ್ಪ.

ಮಗಳು

ಮಾರ್ಚ್ 19

ಅಪ್ಪ,

ಸಭೆ ಮುಗಿದ ಮೇಲೆ ನಿನ್ನ ಹತ್ತಿರ ಬರಲು ಬಿಡಲಿಲ್ಲ. ಅಲ್ಲಿ ನಡೆದದ್ದರಲ್ಲಿ ಅರ್ಧ ನಿನಗೆ ಕೇಳಿಸಿರುವುದಿಲ್ಲ. ಅದನ್ನು ನಾನು ಬರೆಯಬೇಕು.

ನೀನು ಎದ್ದು ನಿಂತು "ನಾನು ಗಿರಣಿ ಫಿಟ್ಟರು" ಎಂದೆ. ಚಪ್ಪಾಳೆ ಬಿತ್ತು. ಸಾಹೇಬರು ಆಗಲೇ ನಗುಮುಖ ಮಾಡಿಕೊಂಡು ಮುಂದೆ ಬಾಗಿದ್ದರು. "ಹಿಂಬಾಗ್ಲಿಗೆ ಹೊರಗಿಂದ ಬೀಗ ಹಾಕಿತ್ತು" ಎಂದೆ ನೋಡು, ಆ ಮಾತು ಮುಗಿಯುವುದರೊಳಗೆ ಸಂಯೋಜಕರು ಕೈಸನ್ನೆ ಮಾಡಿದರು, ಮೈಕು ಬಂದ್ ಆಯಿತು.

ನಿನಗೆ ಅದು ಗೊತ್ತೇ ಆಗಲಿಲ್ಲ. ನಿಲ್ಲಿಸಲಿಲ್ಲ ನೀನು. ಅಪ್ಪ, ಇಪ್ಪತ್ತೆರಡು ವರ್ಷ ಯಂತ್ರಗಳ ಗದ್ದಲದಲ್ಲಿ ಕೂಗಿ ಕೂಗಿ ಪಳಗಿದ ಗಂಟಲಿಗೆ ಮೈಕು ಯಾಕೆ ಬೇಕು? ಚಿಕ್ಕವಳಿದ್ದಾಗ ಬೀದಿಯ ಈ ತುದಿಯಿಂದ ನೀನು ಕರೆದರೆ ಆ ತುದಿಯಲ್ಲಿದ್ದ ನನಗೆ ನಾಚಿಕೆಯಾಗುತ್ತಿತ್ತು. ಮೊನ್ನೆ ಪುರಭವನದ ಕೊನೆಯ ಸಾಲಿನವರಿಗೂ ಒಂದೊಂದು ಅಕ್ಷರ ಕೇಳಿಸಿತು. "ಬಾಗ್ಲು ತೆಗೆದಿತ್ತು ಅಂತ ತನಿಖೆಲಿ ಹೇಳಿದೋನು ನಾನೇ. ಹೇಳ್ಕೊಟ್ಟ ಸುಳ್ಳು. ನಾಲ್ಕು ಜನ ಹೇಳಿದ್ವಿ. ವರದಿ ನಿಮ್ಮ ಕಪಾಟಲ್ಲಿದೆ ಸಾಹೇಬ್ರೇ, ಓದಿದ್ರಾ ನೀವು? ಓದಿದ್ರೆ, ನಾವು ಸುಳ್ಳು ಹೇಳ್ತಿದೀವಿ ಅಂತ ನಿಮಗೆ ಅವತ್ತೇ ಗೊತ್ತಾಗ್ಲಿಲ್ವಾ?"

ಸಾಹೇಬರು ಮುಂದಿದ್ದ ಕಾಗದಗಳನ್ನು ತಿರುವಿ ನೋಡಿದರು. ಅವರಿಗೆ ಕಾರ್ಡಿಲ್ಲದ ಪ್ರಶ್ನೆ ಬಂದದ್ದು ಎಷ್ಟು ವರ್ಷದ ಮೇಲೋ. ಆಮೇಲೆ ಪಕ್ಕದವರಿಗೆ "ಹಿರಿಯರಿಗೆ ನೀರು ಕೊಡಿ, ಪಾಪ ಸುಸ್ತಾಗಿದೆ" ಎಂದರು. ಧ್ವನಿವರ್ಧಕದಲ್ಲಿ ಪ್ರಚಾರದ ಹಾಡು ಹಾಕಿದರು. ಎಂಟು ಜನರಲ್ಲಿ ಇಬ್ಬರು ನಿನ್ನ ತೋಳು ಹಿಡಿದರು. ಆಗ ಹಿಂದಿನಿಂದ ಒಂದು ಹೆಂಗಸಿನ ದನಿ ಹಾಡನ್ನೂ ಸೀಳಿಕೊಂಡು ಬಂತು. "ಬಿಡ್ರೋ ಅವರನ್ನ! ಇನ್ನೊಂದು ಸಲ ಹೇಳ್ಲಿ! ನಾನು ಕೇಳ್ಬೇಕು!" ತಿರುಗಿ ನೋಡಿದೆ. ಬಾಬಿನ್ ಮಾವನ ಹೆಂಡತಿ, ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು. ನೀನು ತಿರುಗಲಿಲ್ಲ. ನಿನಗೆ ಕೇಳಿಸಲಿಲ್ಲ.

ನನ್ನ ಕೆಲಸ ಅಲ್ಲೇ ಹೋಯಿತು. ಪಟ್ಟಿ ಮಾಡಿದವಳು ನಾನು ತಾನೆ. "ಯಾರಿಗೆ ಮಾರ್ಕೊಂಡಿದೀಯ ನಿನ್ನ?" ಎಂದು ಸಂಯೋಜಕರು ಕೇಳಿದರು. "ಇಷ್ಟು ದಿನ ನಿಮಗೆ" ಎಂದೆ.

ಇಂದು ಬೆಳಗ್ಗಿನ ಪತ್ರಿಕೆ ನೋಡಿದೆಯಾ? ನೀನು ಎದುರು ಪಕ್ಷದವರು ಕಳಿಸಿದ ನಾಟಕದವನಂತೆ. ನಿನ್ನ ಪ್ರಶ್ನೆ ಮೊದಲೇ ಬರೆದುಕೊಟ್ಟದ್ದಂತೆ. ಓದಿ ನನ್ನ ಮೈಯೆಲ್ಲ ಉರಿಯಿತು. ಇಷ್ಟು ದಿನ ನಮ್ಮ ಸಭೆಗಳಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಯಾರೂ ಬರೆದುಕೊಡದೆ ಬಂದದ್ದು ಅದೊಂದೇ. ಅದನ್ನೇ ನಾಟಕ ಎಂದರು.

ಕಡತವನ್ನು ಹಿಂದಿರುಗಿಸುವ ಮೊದಲು ಅದರ ಎಲ್ಲ ಪುಟಗಳ ಫೋಟೋ ತೆಗೆದಿಟ್ಟಿದ್ದೇನೆ. ನಾಲ್ಕೂ ಸಾಕ್ಷಿಗಳ ಹೇಳಿಕೆ ಅಕ್ಷರಕ್ಕೆ ಅಕ್ಷರ ಒಂದೇ. ನಾಲ್ಕರಲ್ಲೂ "ಹಿಂಬಾಗಿಲು" ಎನ್ನುವುದನ್ನು "ಹಿಂಬಗಿಲು" ಎಂದು ತಪ್ಪಾಗಿ ಟೈಪು ಮಾಡಿದ್ದಾರೆ. ನಿನಗೆ ಬರೆಯುವಾಗ ನಾನು ಅದನ್ನು ತಿದ್ದಿಬಿಟ್ಟಿದ್ದೆ. ನಾಲ್ಕು ಬಾಯಿ ಒಂದೇ ಕಾಗುಣಿತ ತಪ್ಪು ಮಾಡಲು ಸಾಧ್ಯವೇ, ನೀನೇ ಹೇಳು.

ಮಗಳು

ಮಾರ್ಚ್ 30

ಮಗಳೇ,

ಸಭೆಯಾದ ಮರುದಿನ ಬೆಳಗ್ಗೆ ಬಾಬಿನ್‌ನ ಹೆಂಡತಿ ಶಾಲೆಯ ಗೇಟಿಗೆ ಬಂದಳು. ಮಕ್ಕಳು ಒಳಗೆ ಹೋಗುವ ಹೊತ್ತು. ಎಲ್ಲರೂ ಒಳಗೆ ಹೋಗುವ ತನಕ ಕಂಬದ ಹಾಗೆ ನಿಂತಿದ್ದು, ಆಮೇಲೆ ನನ್ನೆದುರಿಗೆ ಬಂದಳು. ಬಿಡಿಸಿ ಬಿಡಿಸಿ ಹೇಳುವ ಕಷ್ಟ ತೆಗೆದುಕೊಳ್ಳಲಿಲ್ಲ. ಒಂದೇ ಉಸಿರಿಗೆ ಅಂದಳು. ಆದರೂ ಒಂದು ಮಾತೂ ತಪ್ಪಲಿಲ್ಲ ನನಗೆ.

"ಹದಿನಾಲ್ಕು ವರ್ಷ ಚಹಾ ಕುಡಿದ್ರಲ್ಲ ನಮ್ಮನೇಲಿ. ಗಾಬರಿ ಬಿದ್ದು ದಾರಿ ತಪ್ಪಿದ ಅಂತ ನನ್ನ ಗಂಡನ್ನ ಊರೆಲ್ಲಾ ಆಡ್ಕೊಳ್ತು. ತೆಗೆದ ಬಾಗ್ಲು ಕಾಣದ ದಡ್ಡ ಅಂದ್ರು. ನನ್ನ ಮಗ ಅದನ್ನ ಕೇಳ್ಕೊಂಡೇ ಬೆಳೆದ. ನೀವು ಅಲ್ಲೇ ಕೂತಿದ್ರಿ."

ನೀವು ಅಂದಳು. ಮೊದಲೂ ನೀವು ಅನ್ನುತ್ತಿದ್ದಳು, ಆದರೆ ಮುಂದೊಂದು ಅಣ್ಣ ಇರುತ್ತಿತ್ತು. ಈ ಸಲ ಇರಲಿಲ್ಲ.

ನಾನು ಕಾಲು ಹಿಡಿಯಲು ಬಾಗಿದೆ. ಹಿಂದಕ್ಕೆ ಸರಿದಳು. "ಅದೆಲ್ಲ ಬೇಡ. ನೀವು ಅಳೋದನ್ನ ನೋಡೋಕೆ ಬಂದಿಲ್ಲ. ಹೇಳಿದ್ದನ್ನ ಬರ್ಕೊಡ್ತೀರಾ?"

ಬರೆದುಕೊಟ್ಟೆ. ವಕೀಲರ ಕೋಣೆಯಲ್ಲಿ, ಅವಳ ಮುಂದೆ ಕೂತು. ಏಳು ಪುಟ. ಅಗುಳಿಯ ಸ್ಕ್ರೂ ಬಿಗಿದದ್ದನ್ನೂ ಬಿಡಲಿಲ್ಲ. ಹಾಸ್ಟೆಲಿನ ಜಾಗವನ್ನೂ ಬಿಡಲಿಲ್ಲ. ವಕೀಲರ ಗುಮಾಸ್ತ ಒಂದೆರಡು ಕಡೆ "ಹೀಗೆ ಬರೆದ್ರೆ ಚೆನ್ನಾಗಿರುತ್ತೆ ಯಜಮಾನ್ರೇ" ಅಂದ. ಬಾಬಿನ್‌ನ ಹೆಂಡತಿ ಅವನನ್ನು ಸುಡುವ ಹಾಗೆ ನೋಡಿದಳು. ಅವನು ಪೆನ್ನು ಕೆಳಗಿಟ್ಟ. ಪ್ರತಿ ಪುಟ ಮುಗಿದಾಗಲೂ ನನ್ನ ಕೈಯಿಂದ ಗಟ್ಟಿಯಾಗಿ ಓದಿಸಿದಳು. ಏಳು ಜನರ ಹೆಸರು ಬಂದಲ್ಲಿ ಎರಡು ಸಲ ಓದಿಸಿದಳು.

ಇದರಿಂದ ನನ್ನ ಮೇಲೂ ಮೊಕದ್ದಮೆ ಆಗಬಹುದು ಅಂದರು ವಕೀಲರು, ಸುಳ್ಳು ಸಾಕ್ಷಿ ಹೇಳಿದ್ದಕ್ಕೆ. ಆಗಲಿ ಅಂದೆ. ಉಳಿದ ಮೂವರಲ್ಲಿ ಒಬ್ಬ ತೀರಿಕೊಂಡಿದ್ದಾನೆ, ಒಬ್ಬ ಮನೆ ಬಾಗಿಲನ್ನೇ ತೆಗೆಯಲಿಲ್ಲ. ಇನ್ನೊಬ್ಬ ಬರುತ್ತೇನೆ ಅಂದಿದ್ದಾನೆ. ಬಂದಮೇಲೆ ನಂಬುತ್ತೇನೆ. ನಿನ್ನ ಸಾಹೇಬರು ಗೆಲ್ಲುತ್ತಾರೆ ಅಂತಲೇ ಊರಿನಲ್ಲಿ ಮಾತು. ನಾಟಕದವನು ಅಂತ ನನ್ನನ್ನು ನೋಡಿ ನಗುವವರೂ ಇದ್ದಾರೆ. ಶಾಲೆಯವರು ಈ ತಿಂಗಳಿಗೆ ಸಾಕು ಅಂದಿದ್ದಾರೆ, ಯಾರ ಮಾತು ಕೇಳಿ ಅಂತ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊರಡುವಾಗ ಅವಳು ಮೆಟ್ಟಿಲ ಮೇಲೆ ನಿಂತು, ಈ ಸಲ ನಿಧಾನವಾಗಿ, ನನಗೆ ಕಾಣುವ ಹಾಗೆ ಹೇಳಿದಳು. "ಕೋರ್ಟಿಗೆ ಎಷ್ಟು ಸಲ ಬೇಕಾದ್ರೂ ಜೊತೇಲಿ ಬರ್ತೀನಿ. ಅಂಗಡಿಗೆ ಮಾತ್ರ ಬರ್ಬೇಡಿ." ಸರಿಯಮ್ಮ ಅಂದೆ. ಅವಳು ಹೇಳಿದ್ದು ನ್ಯಾಯ.

ನೀನು ತೆಗೆದ ಕಡತದ ಫೋಟೋಗಳು ವಕೀಲರಿಗೆ ಬೇಕಂತೆ. ಅವು ನಿನ್ನ ಕೈಗೆ ಹೇಗೆ ಬಂದವು ಅಂತ ನೀನೂ ಬರೆದು ಸಹಿ ಹಾಕಬೇಕಂತೆ. ನನ್ನ ಪತ್ರವನ್ನು ಕಾರ್ಡಿಗೆ ಇಳಿಸಿದ್ದನ್ನೂ ಅದರಲ್ಲಿ ಬರೆಯಬೇಕಾಗುತ್ತದೆ. ಅದನ್ನು ಓದುವಾಗ ಬಾಬಿನ್‌ನ ಹೆಂಡತಿ ಎದುರಿಗೇ ಇರುತ್ತಾಳೆ. ಮೊದಲೇ ಹೇಳಿಬಿಡುತ್ತೇನೆ, ಸುಲಭವಲ್ಲ.

ಮಂಗಳವಾರ ಹತ್ತು ಗಂಟೆಗೆ. ಸೋಮವಾರವೇ ಬಂದರೆ ಮನೆಯಲ್ಲಿ ಇಳಿದುಕೋ. ನಿನ್ನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನಿನ್ನದೂ ಇಳಿದಿರುವುದಿಲ್ಲ. ಅದು ಇಳಿಯಲಿ ಅಂತ ಕಾಯುತ್ತಾ ಕೂರಬೇಡ. ಹಾಗೇ ಬಾ.

ಅಪ್ಪ